ಪಿಳ್ಳಪ್ಪ ಟೆಂಪೋ ಸೋರೋದು ನಿಲ್ಲಿಸಿದ್ದು

ನಗೋದಿದ್ರೆ ಆಮೇಲೆ ನಗ್ರಪ್ಪ, ಮೊದಲು ಆ ತಾಯಿ ಪಾಡು ಕೇಳಿ. ಮುನಿತಾಯಮ್ಮ ಅಂತ ಒಬ್ಬಳು. ರೇಷ್ಮೆ ಹುಳ ಸಾಕ್ತಿದ್ದಳು, ಸತ್ತ ಗಂಡನ ಹಳೇ ಟೆಂಪೋ ತಾನೇ ಓಡಿಸ್ತಿದ್ದಳು. ಅಂಥ ಗಟ್ಟಿಗಿತ್ತಿಗೆ ಇದ್ದವನು ಒಬ್ಬನೇ ಮಗ, ಪಿಳ್ಳಪ್ಪ. ಆಳು ಬಾಗಿಲೆತ್ತರ, ಬುದ್ಧಿ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಹೇಳಿದ ಮಾತು ಮೀರುವವನಲ್ಲ ಪಾಪ, ಅದೇ ಅವಳ ಕಷ್ಟ.

ಆ ಸಲ ಎಂಟು ಮೂಟೆ ರೇಷ್ಮೆ ಗೂಡು ಬಂದಿತ್ತು. ನಾಳೆ ಮಾರ್ಕೆಟ್ಟಿಗೆ ಹಾಕದಿದ್ರೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತೆ, ತೂತು ಗೂಡನ್ನ ಯಾರೂ ಮೂಸಿ ನೋಡಲ್ಲ. ಟೆಂಪೋ ನೋಡಿದ್ರೆ ರೇಡಿಯೇಟರಿಗೆ ಕೂಲೆಂಟು ಬೆರೆಸಿದ ನೀರು ತುಂಬಿದ ಹಾಗೇ ಸೋರಿ ಖಾಲಿ, ಇಂಜಿನ್ನು ಕುದಿಯುತ್ತೆ. ಮೆಕ್ಯಾನಿಕ್ಕು ಊರಲ್ಲಿಲ್ಲ.

"ನಾವೇ ರಿಪೇರಿ ಮಾಡೋಣ," ಅಂದಳು ತಾಯಿ.

"ಮಾಡೇ ತೀರೋಣ," ಅಂದ ಮಗ.

"ಗಾಡಿ ಕೆಳಗೆ ಮಲಗಿ ನೋಡು. ಎಲ್ಲಿ ತೊಟ್ಟಿಕ್ಕುತ್ತೋ ಅಲ್ಲಿ ಸುಣ್ಣದಲ್ಲಿ ಗುರುತು ಹಾಕು."

ಮಲಗಿದ. ಊಟಕ್ಕೆ ಕರೆದರೂ ಏಳಲಿಲ್ಲ. ಹನಿ ನೆಲದ ಮೇಲೆ ಬಿತ್ತು, ನೆಲಕ್ಕೇ ಗುರುತು ಹಾಕಿದ. ತಾಯಿ ಗಾಡಿ ಹಿಂದಕ್ಕೆ ತೆಗೆದು ನೋಡ್ತಾಳೆ, ಅಂಗಳದ ತುಂಬ ಸುಣ್ಣ, ಗಾಡಿಗೆ ಒಂದು ಚುಕ್ಕೆಯೂ ಇಲ್ಲ.

"ಅಯ್ಯೋ ಪೆದ್ದೇ, ಕೆಳಗೆ ಯಾಕೆ ನೋಡ್ತೀಯ? ನೀರು ಬಂದ ದಾರಿ ಹಿಡ್ಕೊಂಡು ಮೇಲಕ್ಕೆ ಹೋಗು."

"ಮೊದಲೇ ಹೇಳಬಾರದಾ?" ಅಂತ ಹೊರಟ. ರೇಡಿಯೇಟರಿಗೆ ನೀರು ಬಂದಿದ್ದು ಬಕೆಟ್ಟಿಂದ, ಬಕೆಟ್ಟಿಗೆ ನಲ್ಲಿಯಿಂದ, ನಲ್ಲಿಗೆ ಊರ ಟ್ಯಾಂಕಿಂದ. ಹೋಗಿ ಟ್ಯಾಂಕಿನ ವಾಲ್ವು ತಿರುಗಿಸಿ ಬಂದ. "ಅಮ್ಮಾ, ಇನ್ನು ಒಂದು ಹನಿ ಬರಲ್ಲ." ಬರಲಿಲ್ಲ, ಇಡೀ ಊರಿಗೇ ಬರಲಿಲ್ಲ. ಬಿಂದಿಗೆ ಹಿಡ್ಕೊಂಡು ಬಂದ ಹೆಂಗಸರ ಕೈಲಿ ಬೈಸ್ಕೊಂಡವಳು ಮುನಿತಾಯಮ್ಮ.

ಕೊನೆಗೆ ಸೆರಗು ಸಿಕ್ಕಿಸಿ ಅವಳೇ ಗಾಡಿ ಕೆಳಗೆ ತೂರಿದಳು. ಇಂಜಿನ್ನಿಂದ ರೇಡಿಯೇಟರಿಗೆ ಹೋಗೋ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಬಿಚ್ಚಿ ಮಗನ ಕೈಗೆ ಕೊಟ್ಟಳು. "ಅಂಗಡೀಲಿ ತೋರಿಸಿ ಥೇಟ್ ಇಂಥದ್ದೇ ತಗೊಂಡು ಬಾ. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು."

ಅಂಗಡಿಯವನು ಹೊಸದು ಕೊಟ್ಟ. ಪಿಳ್ಳಪ್ಪ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಉದ್ದ ಸರಿ, ದಪ್ಪ ಸರಿ, ಬಿರುಕು ಎಲ್ಲಿ? ಇನ್ನೊಂದು ತೆಗೆಸಿದ, ಮತ್ತೊಂದು ತೆಗೆಸಿದ. ಒಂದರಲ್ಲೂ ಇಲ್ಲ. ಬಿಡ್ತಾನಾ? ಬ್ಲೇಡು ತಗೊಂಡು, ಅಳತೆ ಹಿಡಿದು, ಅದೇ ಜಾಗಕ್ಕೆ ಅಷ್ಟೇ ಉದ್ದ ಸೀಳಿ ತಂದ.

"ವ್ಯತ್ಯಾಸ ಇದ್ರೆ ಕೇಳಮ್ಮ."

ಮುನಿತಾಯಮ್ಮ ಕುಸಿದು ಕೂತು ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ತಾನೇ ಪೈಪು ತಂದು, ತಾನೇ ಹಾಕಿ, ಕ್ಲಿಪ್ಪು ಬಿಗಿದು, ನೀರು ತುಂಬಿ, ಇಂಜಿನ್ನು ಓಡಿಸಿ ನೋಡಿದಳು. ಹನಿ ಇಲ್ಲ. ಅಷ್ಟರಲ್ಲಿ ಪಿಳ್ಳಪ್ಪ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ಕೈ ಮೇಲೆ ಒಂದು ಬಿತ್ತು.

"ಸುಟ್ಟು ಹೋಗ್ತೀಯ ಕಣೋ. ಇಂಜಿನ್ನು ಬಿಸಿ ಇದ್ದಾಗ ಬಾಯಿ ತೆಗೀಬೇಡ. ಏನೇ ಆಗಲಿ, ತಣ್ಣಗಾದ ಮೇಲೇ ತೆಗಿ."

"ಆಯ್ತಮ್ಮ."

ಬೆಳಿಗ್ಗೆ ಎಂಟೂ ಮೂಟೆ ಹೇರಿ, ಮಗನನ್ನ ಹಿಂದೆ ಕೂರಿಸಿ ಹೊರಟಳು. ಗಾಡಿ ಕುದಿಯಲಿಲ್ಲ, ಸೋರಲಿಲ್ಲ. ಆದರೆ ಮೊದಲ ಹಳ್ಳ ಹಾರಿದ್ದೇ ಹಿಂದಿನ ಬಾಗಿಲ ಚಿಲಕ ಕಳಚ್ತು, ಒಂದು ಮೂಟೆ ರಸ್ತೆಗೆ ಉರುಳ್ತು. ಪಿಳ್ಳಪ್ಪನಿಗೆ ಕೂಗು ನಾಲಿಗೆ ತುದಿಗೆ ಬಂತು. ಇಂಜಿನ್ನು ಬಿಸಿ ಅಲ್ವಾ? ಎರಡೂ ಕೈಲಿ ಬಾಯಿ ಮುಚ್ಕೊಂಡ. ಎರಡನೇದು ಉರುಳ್ತು, ಮೂರನೇದು ಉರುಳ್ತು. ಕಣ್ಣಲ್ಲಿ ನೀರು ಸುರೀತು, ಕೈ ಮಾತ್ರ ತೆಗೀಲಿಲ್ಲ.

ಗೂಡಿನ ಹರಾಜಿನ ಹೊತ್ತಿಗೆ ಸರಿಯಾಗಿ ಮಾರ್ಕೆಟ್ಟಿಗೆ ಬಂದೆವು ಅಂತ ಮುನಿತಾಯಮ್ಮ ಇಳಿದು ಹಿಂದೆ ಬಂದಳು. ಮಗ ಇದ್ದ, ಮೂಟೆ ಇರಲಿಲ್ಲ.

"ಗೂಡೆಲ್ಲೋ?"

ಪಿಳ್ಳಪ್ಪ ಇಳಿದು ಬಾನೆಟ್ಟು ಮುಟ್ಟಿ ನೋಡಿದ. ಸುಡ್ತಿತ್ತು. ತಾಳು ಅಂತ ಸನ್ನೆ ಮಾಡಿ, ಒಂದು ಕೈಲಿ ಬಾಯಿ ಮುಚ್ಚಿಕೊಂಡೇ ಇನ್ನೊಂದು ಕೈಲಿ ಬಾನೆಟ್ಟಿಗೆ ಟವೆಲ್ಲು ಬೀಸಕ್ಕೆ ನಿಂತ.

"ಇಷ್ಟುದ್ದ ದಾರೀಲಿ ಎಲ್ಲಿ ಅಂತ ಹುಡುಕಲಿ, ಹೇಳೋ ನನ್ನಪ್ಪಾ," ಅಂತ ಬೇಡಿಕೊಂಡಳು. ಬೈದಳು. ಬೆನ್ನಿಗೆ ಗುದ್ದಿದಳು. ಬೀಸ್ತಾನೇ ಇದ್ದ. ಹರಾಜು ಮುಗೀತು. ಪಿಳ್ಳಪ್ಪ ಇನ್ನೊಂದು ಸಲ ಬಾನೆಟ್ಟು ಮುಟ್ಟಿದ. ತಣ್ಣಗಾಗಿತ್ತು. ಬಾಯಿಂದ ಕೈ ತೆಗೆದು, ಬೆಳಿಗ್ಗೆಯಿಂದ ತಡೆದಿಟ್ಟಿದ್ದನ್ನೆಲ್ಲ ಸೇರಿಸಿ ಕೂಗಿದ.

"ಅಮ್ಮಾ, ಗಾಡಿ ನಿಲ್ಲಿಸು! ಮೂಟೆ ಬೀಳ್ತಾ ಇದೆ!"