ಇದ್ದಿಲು ವ್ಯಾಪಾರಿಯ ಕಾಲು

"ಗುರುಗಳೇ, ದೇವರ ಹತ್ತಿರ ಹೋಗುವುದಕ್ಕೆ ಈ ಜನರೆಲ್ಲ ಯಾಕೆ ಬೇಕು?"

ಹೀಗೆ ಕೇಳಿದವನು ಇನ್ನಾಸಿ. ಅವನು ರಾಯಪ್ಪ ಉಪದೇಶಿಗಳ ಬಳಿ ಧರ್ಮೋಪದೇಶದ ಕೆಲಸ ಕಲಿಯುತ್ತಿದ್ದ. ಚರ್ಚಿನ ಹಿಂದಿನ ಕೋಣೆಯಲ್ಲಿ ಅವನ ಜೊತೆ ಸವೇರಿ ಎಂಬ ಇನ್ನೊಬ್ಬ ಶಿಷ್ಯನೂ ಇದ್ದ. ಈ ಸವೇರಿ ಜಪಮಾಲೆ ಹೇಳುವಾಗ ಎಲ್ಲರಿಗಿಂತ ಮುಂದೆ ಓಡಿ, ಆಮೆನ್ ಎಂದು ಮುಗಿಸಿ, ಉಳಿದವರು ಬಂದು ಸೇರಲಿ ಎಂದು ಕಾಯುತ್ತಿದ್ದ. ಕಾಯುವಷ್ಟು ಹೊತ್ತು ಮೂಗಿನಲ್ಲೇ ಏನೋ ರಾಗ ಎಳೆಯುತ್ತಿದ್ದ. ಇನ್ನಾಸಿ ಮೂರು ತಿಂಗಳು ಸಹಿಸಿದ. ನಾಲ್ಕನೆಯ ತಿಂಗಳು, ಪ್ರಾರ್ಥನೆಯ ನಡುವೆ ತನ್ನ ಕಣ್ಣು ಪದೇಪದೇ ಸವೇರಿಯ ಕುತ್ತಿಗೆಯ ಮೇಲೆ ಹೋಗುವುದನ್ನು ಕಂಡು ತಾನೇ ಹೆದರಿದ. ಊರಾಚೆಯ ಗುಡ್ಡದ ಮೇಲೆ ಒಂದು ಖಾಲಿ ಗುಡಿಸಲಿದೆ, ಅಲ್ಲಿ ಒಬ್ಬನೇ ಇದ್ದರೆ ತಾನು ಒಂದು ವರ್ಷದಲ್ಲಿ ಸಂತನಾಗುವುದು ಖಂಡಿತ, ಅಪ್ಪಣೆ ಕೊಡಬೇಕು ಎಂದು ಗುರುಗಳ ಮುಂದೆ ಕೈಕಟ್ಟಿ ನಿಂತ.

ಉಪದೇಶಿಗಳು ಎಪ್ಪತ್ತು ದಾಟಿದವರು. ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಇದ್ದಿಲು ವ್ಯಾಪಾರಿ ಇದ್ದ. ಕಮ್ಮಾರರಿಗೂ ಇಸ್ತ್ರಿಯವರಿಗೂ ಅವನೇ ಇದ್ದಿಲು ಕೊಡಬೇಕು. ಆಳು ಭಾರಿ, ಹೊಟ್ಟೆ ಇನ್ನೂ ಭಾರಿ. ತೂಕದಲ್ಲಿ ಮೋಸವಿಲ್ಲ, ಬಾಯಲ್ಲಿ ಕೆಟ್ಟ ಮಾತಿಲ್ಲ, ಶುಕ್ರವಾರ ಮಾಂಸವಿಲ್ಲ. ದಿನಕ್ಕೆ ಮೂರು ಸಲ ಕೋಣೆಯ ಅಗುಳಿ ಹಾಕಿಕೊಂಡು ಮೊಣಕಾಲೂರುತ್ತಿದ್ದ.

ಅವನಿಗೆ ಒಬ್ಬ ತಮ್ಮ. ಗೋಡೆಯಾಚೆಯೇ ಮನೆ. ಏಳು ವರ್ಷಗಳ ಹಿಂದೆ ವ್ಯಾಪಾರಿಯ ಮಗಳ ನಿಶ್ಚಿತಾರ್ಥದ ದಿನ, ಬೀಗರ ಎದುರಿಗೆ, ಅಣ್ಣ ಕೂತ ಕುರ್ಚಿ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಚಾಚಿ ಮಲಗಿಬಿಟ್ಟಿತು. ಎಲ್ಲರೂ ನಕ್ಕರು. ಬೀಗರು ನಕ್ಕರು, ಅಡುಗೆಯವರು ಬಂದು ನೋಡಿ ನಕ್ಕರು. ಎಲ್ಲರೂ ನಕ್ಕು ಮುಗಿಸಿದ ಮೇಲೂ ತಮ್ಮ ಮಾತ್ರ ಮುಗಿಸಲಿಲ್ಲ. ಊಟಕ್ಕೆ ಕೂತಾಗಲೂ ಎಲೆಯ ಮೇಲೆ ಬಗ್ಗಿಕೊಂಡು ನಗುತ್ತಲೇ ಇದ್ದ.

ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ವ್ಯಾಪಾರಿ ನಡುವಿನ ಗೋಡೆಗೆ ಎರಡು ಸಾಲು ಇಟ್ಟಿಗೆ ಏರಿಸಿದ.

ಆಮೇಲೆ ಅವನು ಒಂದು ಸಂಗತಿ ಗಮನಿಸಿದ. ತಮ್ಮನನ್ನು ಬಿಟ್ಟ ಮೇಲೆ ಕೋಪ ಅರ್ಧಕ್ಕೆ ಇಳಿದಿತ್ತು. ಹಲಸಿನ ಹಣ್ಣು ಇದ್ದಲ್ಲಿ ನೊಣ, ಜನ ಇದ್ದಲ್ಲಿ ಪಾಪ ಎಂದು ಅವನಿಗೆ ಹೊಳೆಯಿತು. ಆದ್ದರಿಂದ ಒಬ್ಬೊಬ್ಬರನ್ನೇ ಬಿಡುತ್ತ ಬಂದ. ಬೀದಿಯವರು ಮನೆಯಿಂದ ಮನೆಗೆ ಹೋಗಿ ಪ್ರಾರ್ಥನೆ ಮಾಡುವ ಕೂಟವನ್ನು ಬಿಟ್ಟ. ಅಲ್ಲಿ ಕಾಫಿಯ ಹೊತ್ತಿಗೆ ಹರಟೆ ಜಾಸ್ತಿ. ಗಾಯಕ ಮೇಳವನ್ನು ಬಿಟ್ಟ. ಅಲ್ಲಿ ಶ್ರುತಿ ಕಡಿಮೆ. ಹೆಂಡತಿ ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೊರಟಾಗ ಅವನು ಅವಸರವೇನಿಲ್ಲ, ನಿಧಾನವಾಗಿ ಬಾ ಎಂದ. ಕೊನೆಗೆ ಪಾಪನಿವೇದನೆಗೆ ಮಂಡಿಯೂರಿದರೆ ಹೇಳಲು ಒಂದು ಪಾಪವೂ ಸಿಗದ ಸ್ಥಿತಿಗೆ ಬಂದ. ಚರ್ಚಿನ ಸ್ವಾಮಿಗಳ ಕಿವಿಯಲ್ಲಿ, ವಿಶೇಷವೇನಿಲ್ಲ ಸ್ವಾಮಿ, ಎಂದು ಹೇಳಿ ಎದ್ದುಬಿಡುತ್ತಿದ್ದ. ತನ್ನ ಆತ್ಮ ಬೆಳೆದು ಸೂರು ಮುಟ್ಟಿತು ಎಂದೇ ಅವನ ನಂಬಿಕೆ.

ಆ ವರ್ಷ ಗರಿಗಳ ಭಾನುವಾರ ಸ್ವಾಮಿಗಳು ಹನ್ನೆರಡು ಜನರ ಹೆಸರು ಓದಿದರು. ಅದೇ ವಾರದ ಪವಿತ್ರ ಗುರುವಾರ ಸಂಜೆ ಸ್ವಾಮಿಗಳು ಅವರ ಕಾಲು ತೊಳೆದು ಮುತ್ತಿಡುವುದಿತ್ತು. ಕರ್ತರು ಶಿಲುಬೆಗೇರುವ ಹಿಂದಿನ ರಾತ್ರಿ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಮಾಡುವ ವಿಧಿ ಅದು. ಬೀದಿಗೊಬ್ಬರಂತೆ ಆರಿಸುವುದು ರೂಢಿ. ವ್ಯಾಪಾರಿಯ ಬೀದಿಯಲ್ಲಿ ಉಳಿದವರೆಲ್ಲ ಹಿಂದಿನ ವರ್ಷಗಳಲ್ಲಿ ಆಗಿಹೋಗಿದ್ದರು. ಹಾಗಾಗಿ ಅವನ ಹೆಸರು ಬಂತು. ಅವನು ಮಾತ್ರ ಪರಲೋಕದಿಂದಲೇ ಯೋಗ್ಯತಾಪತ್ರ ಇಳಿದು ಬಂತೆಂದು ತಿಳಿದು, ಎರಡು ಅಂಗುಲ ಎತ್ತರವಾಗಿ ಮನೆಗೆ ನಡೆದ.

ಮನೆಗೆ ಬಂದ ಮೇಲೆ ಅವನಿಗೆ ಕಾಲಿನ ನೆನಪಾಯಿತು.

ಆ ಊರಿನಲ್ಲಿ ಸ್ವಾಮಿಗಳು ತೊಳೆಯುವ ಕಾಲನ್ನು ಮನೆಯಲ್ಲೇ ಉಜ್ಜಿ ತೊಳೆದುಕೊಂಡು ಹೋಗಬೇಕು. ಹಾಗೆಂದು ಯಾರೂ ಬರೆದಿಟ್ಟಿಲ್ಲ. ಆದರೆ ಅಜ್ಜನ ಕಾಲದಲ್ಲಿ ಒಬ್ಬ ರೈತ ಗದ್ದೆಯಿಂದ ನೇರವಾಗಿ ಬಂದು ಕಾಲು ಚಾಚಿದನಂತೆ. ಬೋಗುಣಿಯ ನೀರು ರಾಡಿಯಾಯಿತಂತೆ. ಆ ರೈತ ಸತ್ತು ಐವತ್ತು ವರ್ಷವಾದರೂ ಅವನ ಮೊಮ್ಮಕ್ಕಳನ್ನು ಊರು ಕೆಸರುಕಾಲಿನವರು ಎಂದೇ ಕರೆಯುತ್ತದೆ. ಒಂದು ಹೆಣ್ಣು ನೋಡುವ ಶಾಸ್ತ್ರ ಆ ಹೆಸರಿನಿಂದಲೇ ಮುರಿದುಬಿತ್ತು. ಬರೀ ಕೆಸರಿಗೆ ಇಷ್ಟಾದರೆ ಇದ್ದಿಲಿಗೆ ಏನಾದೀತು? ಮೊನ್ನೆ ಹುಟ್ಟಿದ ಮೊಮ್ಮಗು ಯಾವ ಹೆಸರು ಹೊತ್ತುಕೊಂಡು ತಿರುಗಬೇಕು?

ವ್ಯಾಪಾರಿ ತನ್ನ ಪಾದಗಳನ್ನು ನೋಡಿ ಬಹಳ ವರ್ಷಗಳಾಗಿದ್ದವು. ನಿಂತರೆ ಹೊಟ್ಟೆ ಅಡ್ಡ, ಕೂತರೂ ಹೊಟ್ಟೆ ಅಡ್ಡ. ಸೋಮವಾರ ಗೋಡೆಯ ಕನ್ನಡಿಯನ್ನು ಬಿಚ್ಚಿ ನೆಲದ ಮೇಲಿಟ್ಟು, ಕಾಲೆತ್ತಿ ನೋಡಿದ. ನೋಡಿ ಕನ್ನಡಿಯನ್ನು ಮಗುಚಿಟ್ಟ. ಹಿಮ್ಮಡಿಯ ತುಂಬ ಬೆರಳು ತೂರುವಂಥ ಬಿರುಕು, ಒಂದೊಂದು ಬಿರುಕಿನಲ್ಲೂ ವರ್ಷಗಟ್ಟಲೆಯ ಇದ್ದಿಲ ಪುಡಿ.

ಮಂಗಳವಾರ ಒಂದು ಕೋಲಿಗೆ ತೆಂಗಿನ ನಾರು ಕಟ್ಟಿ ಉಜ್ಜಿದ. ಕಾಲಿನ ಬದಲು ಬಚ್ಚಲಿನ ಗೋಡೆ ಚೊಕ್ಕವಾಯಿತು. ಬುಧವಾರ ಎಮ್ಮೆ ಮರಕ್ಕೆ ಮೈ ತಿಕ್ಕಿದ ಹಾಗೆ ಒಗೆಯುವ ಕಲ್ಲಿಗೆ ಹಿಮ್ಮಡಿ ತಿಕ್ಕಿದ. ಬಿರುಕಿಗೆ ಉರಿ ಬಂತೇ ಹೊರತು ಕಪ್ಪು ಬಿಡಲಿಲ್ಲ. ಕಾಲುಚೀಲ ಹಾಕಿಕೊಂಡು ಹೋದರೆ ಹೇಗೆ ಎಂದು ಯೋಚಿಸಿದ. ಜ್ವರ ಬಂದಿದೆ ಎಂದು ಹೇಳಿಕಳಿಸಿದರೆ ಹೇಗೆ ಎಂದೂ ಯೋಚಿಸಿದ. ಆದರೆ ಹೇಳಿಕಳಿಸಲು ಮನೆಯಲ್ಲಿ ಯಾರಿದ್ದರು?

ಗುರುವಾರ ಮಧ್ಯಾಹ್ನ ಹಂಡೆಯ ಬಿಸಿನೀರನ್ನು ಬಕೀಟಿಗೆ ತುಂಬಿ, ಹಂಡೆಗೆ ಬೆನ್ನು ಕೊಟ್ಟು ನಿಂತು, ಬಲಗಾಲನ್ನು ಬಕೀಟಿಗೆ ಇಳಿಸಹೋದ. ಎಡಗಾಲು ಜಾರಿತು. ಬಕೀಟು ಒಂದು ಕಡೆ ಉರುಳಿತು, ಅವನು ಒಂದು ಕಡೆ ಉರುಳಿ ಹಂಡೆಯ ಒಲೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡ. ಎರಡು ಕಾಲೂ ಆಕಾಶ ನೋಡುತ್ತಿದ್ದವು. ಏಳಲು ಹೊರಟರೆ ಮೈ ಇನ್ನೂ ಬಿಗಿಯಾಗಿ ಕೂರುತ್ತಿತ್ತು. ಭಕ್ತನಲ್ಲವೇ, ಸಂತರನ್ನು ಕರೆದ. ಅಂತೋಣಿಯವರನ್ನು ಕರೆದ, ಸೆಬಾಸ್ತಿಯವರನ್ನು ಕರೆದ, ಗೊತ್ತಿದ್ದ ಸಂತರನ್ನೆಲ್ಲ ಕರೆದು ಮುಗಿಸಿದ. ಬೀದಿ ಬಾಗಿಲಿಗೆ ತಾನೇ ಅಗುಳಿ ಹಾಕಿದ್ದ.

ಅರ್ಧ ಗಂಟೆಯ ಮೇಲೆ ಹಿತ್ತಲಿನಲ್ಲಿ ಧಡ್ ಎಂದು ಸದ್ದಾಯಿತು. ಎರಡು ಸಾಲು ಹೆಚ್ಚಿನ ಇಟ್ಟಿಗೆ ಹತ್ತಿ ಇಳಿದು ಬಂದವನು ತಮ್ಮ. ಪಂಚೆ ಹರಿದಿತ್ತು. ಬಚ್ಚಲಿನ ಬಾಗಿಲಲ್ಲಿ ನಿಂತು ಆ ಎರಡು ಕಾಲುಗಳನ್ನು ನೋಡಿದ.

ವ್ಯಾಪಾರಿ ಕಣ್ಣು ಮುಚ್ಚಿದ. "ನಗುವುದಿದ್ದರೆ ಬೇಗ ನಕ್ಕು ಮುಗಿಸು," ಎಂದ. ಏಳು ವರ್ಷಗಳಲ್ಲಿ ತಮ್ಮನಿಗೆ ಆಡಿದ ಮೊದಲ ಮಾತು ಅದು.

"ನಗು ಇರಲಿ ಅಣ್ಣ," ಎಂದ ತಮ್ಮ. "ಸಂಜೆ ಸ್ವಾಮಿಗಳು ಈ ಕಾಲಿಗೆ ಮುತ್ತಿಡಬೇಕಲ್ಲ, ಅವರ ಗತಿ ನೋಡು."

ಎಳೆದು ಎಬ್ಬಿಸಿ ಮಣೆಯ ಮೇಲೆ ಕೂರಿಸಿದ. ಪಂಚೆ ಎತ್ತಿ ಕಟ್ಟಿ, ತಾನು ನೆಲದ ಮೇಲೆ ಕೂತು, ಅಣ್ಣನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನಾರು ಹಿಡಿದ. ತಮ್ಮನ ಹೆಂಡತಿ ಗೋಡೆಯ ಮೇಲಿಂದ ಉಪ್ಪು ಕೊಟ್ಟಳು, ಸೀಗೆಪುಡಿ ಕೊಟ್ಟಳು, ಹರಳೆಣ್ಣೆ ಕೊಟ್ಟಳು. ಒಂದೊಂದು ಕೊಡುವಾಗಲೂ ಭಾವನವರ ಕಾಲು ಎಲ್ಲಿಯವರೆಗೆ ಬಂತು ಎಂದು ವಿಚಾರಿಸಿದಳು. ಮೊದಲ ಬಕೀಟಿನ ನೀರು ಮಸಿಯಂತಿತ್ತು. ಎರಡನೆಯದೂ ಹಾಗೆಯೇ. ತಮ್ಮ ಸುಮ್ಮನೆ ಉಜ್ಜಲಿಲ್ಲ, ಬೈಯುತ್ತ ಉಜ್ಜಿದ. ಕಾಲು ಇಷ್ಟು ಒಡೆಯುವವರೆಗೆ ಏನು ಮಾಡುತ್ತಿದ್ದೆ ಎಂದು ಕೇಳಿದ. ಪ್ರಾರ್ಥನೆ ಮಾಡುತ್ತಿದ್ದೆ ಎಂದ ಅಣ್ಣ. ಮೊಣಕಾಲೂರಿದರೆ ಅಂಗಾಲು ಹಿಂದಕ್ಕಿರುತ್ತದೆ, ನಿನಗೆ ಹೇಗೆ ಕಾಣಬೇಕು, ಹಿಂದೆ ಕೂತವರಿಗೆ ತಾನೇ ಕಾಣುವುದು ಎಂದು ತಮ್ಮ ಗೊಣಗಿದ.

ಮೂರನೆಯ ಬಕೀಟಿಗೆ ನಾರು ಅಂಗಾಲಿನ ನಡುವಿಗೆ ಬಂತು. ಅಲ್ಲಿ ವ್ಯಾಪಾರಿಗೆ ವಿಪರೀತ ಕಚಗುಳಿ. ಅದು ಅವನಿಗೇ ಮರೆತುಹೋಗಿತ್ತು, ತಮ್ಮನಿಗೆ ನೆನಪಿತ್ತು. ವ್ಯಾಪಾರಿ ಹಲ್ಲು ಕಚ್ಚಿದ, ಗೋಡೆ ಹಿಡಿದ, ಕೊನೆಗೆ ತಡೆಯಲಾರದೆ ಬಾಯಿಬಿಟ್ಟು ನಕ್ಕ. ಆ ದೇಹ ನಕ್ಕರೆ ಮಣೆ ತಡೆದೀತೇ? ಲಟಕ್ಕೆಂದು ಮುರಿಯಿತು. ಈಗ ಅಣ್ಣತಮ್ಮಂದಿರು ಇಬ್ಬರೂ ಮಸಿನೀರಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ಕಣ್ಣೀರು ನಗುವಿನದು ಎಷ್ಟು, ಬೇರೆಯದು ಎಷ್ಟು, ದೇವರಿಗೇ ಗೊತ್ತು. ತಮ್ಮ ಅಣ್ಣನ ಹಿಮ್ಮಡಿಗೆ ಹರಳೆಣ್ಣೆ ಹಚ್ಚುತ್ತ, ಅವತ್ತು ನಾನು ನಿಲ್ಲಿಸಬೇಕಾಗಿತ್ತು ಎಂದು ಮೆಲ್ಲಗೆ ಹೇಳಿದ. ವ್ಯಾಪಾರಿ ತಮ್ಮನ ತಲೆಯಲ್ಲಿ ನರೆ ಎಷ್ಟೊಂದಾಗಿದೆ ಎಂದು ನೋಡುತ್ತಿದ್ದ. ಗೋಡೆಯಾಚೆಯೇ ಇದ್ದವನಿಗೆ ಅದು ಯಾವಾಗ ಬಂತು?

ಸಂಜೆ ಪೂಜೆಗೆ ಮುಂಚೆ ಅವನು ಪಾಪನಿವೇದನೆಗೆ ಹೋದ. ಅಂದು ಅವನು ಎದ್ದುಬರಲು ಮುಕ್ಕಾಲು ಗಂಟೆ ಹಿಡಿಯಿತು. ಹಿಂದೆ ಸಾಲಿನಲ್ಲಿ ನಿಂತಿದ್ದವರು, ಇದ್ದಿಲಿನ ಜೊತೆ ಇವನು ಇನ್ನೇನು ಮಾರುತ್ತಿದ್ದನೋ ಎಂದು ಪಿಸುಗುಟ್ಟಿಕೊಂಡರು.

ಆಮೇಲೆ ಹನ್ನೆರಡು ಜನ ಪೀಠದ ಮುಂದೆ ಕೂತರು. ಸ್ವಾಮಿಗಳು ವ್ಯಾಪಾರಿಯ ಕಾಲಿಗೆ ನೀರು ಹೊಯ್ದರು. ಬೋಗುಣಿಯ ನೀರು ತಿಳಿಯಾಗಿಯೇ ಉಳಿಯಿತು. ಎಂಥ ಶುದ್ಧವಾದ ಪಾದ ಎಂದು ಸ್ವಾಮಿಗಳು ಬೆರಗಾಗಿ ಮೆಲುದನಿಯಲ್ಲಿ ಹೇಳಿದರು. ಅಷ್ಟರಲ್ಲಿ ಅವರ ಬೆರಳು ಅಂಗಾಲಿಗೆ ತಾಗಿತು. ವ್ಯಾಪಾರಿ ಅಂಗವಸ್ತ್ರವನ್ನು ಬಾಯಿಗೆ ತುರುಕಿಕೊಂಡು ತಲೆ ಬಗ್ಗಿಸಿದ. ಅವನ ಭುಜಗಳು ಅಲುಗಿದವು. ಪಶ್ಚಾತ್ತಾಪದಿಂದ ಅಳುತ್ತಿದ್ದಾನೆ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ನಿಜ ಗೊತ್ತಿದ್ದದ್ದು ಹಿಂದಿನ ಸಾಲಿನಲ್ಲಿ, ಉಗುರಿನ ತುಂಬ ಮಸಿ ಮೆತ್ತಿಕೊಂಡು ನಿಂತಿದ್ದ ಒಬ್ಬನಿಗೆ ಮಾತ್ರ.

ಉಪದೇಶಿಗಳು ಕತೆ ನಿಲ್ಲಿಸಿದರು.

ಇನ್ನಾಸಿ ನಗುತ್ತಲೇ ಕೇಳಿದ್ದ. ಆದರೂ ಜಾಣ ಶಿಷ್ಯ, ಸುಲಭಕ್ಕೆ ಸೋಲುವವನಲ್ಲ. ಕತೆ ಚೆನ್ನಾಗಿದೆ ಗುರುಗಳೇ ಎಂದ. ಆದರೆ ತಮ್ಮ ತೆಗೆದದ್ದು ಬರೀ ಕೊಳೆ. ಕರ್ತರ ಸ್ಥಾನದಲ್ಲಿ ನಿಂತು ಕಾಲು ತೊಳೆದದ್ದು ಸ್ವಾಮಿಗಳು, ಅದೂ ಪೀಠದ ಮುಂದೆ. ಆತ್ಮದ ಲೆಕ್ಕಕ್ಕೆ ಬರುವುದು ಅದೊಂದೇ ಅಲ್ಲವೇ ಎಂದು ವಾದಿಸಿದ.

ಉಪದೇಶಿಗಳು ಶಿಷ್ಯನ ಮುಖವನ್ನು ಪ್ರೀತಿಯಿಂದ ನೋಡಿದರು.

"ಅವತ್ತು ಕರ್ತರು ಅವನ ಕಾಲನ್ನು ಎರಡು ಸಲ ತೊಳೆದರು, ಇನ್ನಾಸಿ, ಮೊದಲ ಸಲ ನೀರು ಕಪ್ಪಾಯಿತು."