ಮೊಹರು ಓದದ ಸಾಲು

ನಗರಸಭೆಯ ಮೇಜಿನ ಮೇಲೆ ಒಂದು ಮೊಹರು ಮೆರೆಯುತ್ತಿತ್ತು. ತನ್ನ ಗುರುತು ಬೀಳದೆ ಊರಿನ ಒಂದು ಕಲ್ಲೂ ಅಲುಗದು ಎಂಬುದು ಅದರ ಜಂಬ. ಒಂದು ದಿನ ಗುಮಾಸ್ತೆ ನೀಲಾಂಬಿಕೆ, ಹಳೇ ಪೇಟೆಯಲ್ಲಿ ಸಿಕ್ಕ ಹಿತ್ತಾಳೆ ಚಿಲಕವೊಂದನ್ನು ತಂದು, ಹಾಳೆಗಳು ಹಾರದಂತೆ ಕಡತದ ಮೇಲಿಟ್ಟಳು.

"ಬಾಗಿಲು ಬಿಟ್ಟು ಇಲ್ಲಿಗೇಕೆ ಬಂದೆಯಯ್ಯಾ?" ಎಂದಿತು ಮೊಹರು.

"ಬಾಗಿಲೆಲ್ಲಿದೆ, ಸ್ವಾಮಿ? ಪೇಟೆಯನ್ನೇ ಮೊನ್ನೆ ಕೆಡವಿದರು."

"ಸುಳ್ಳು! ಆ ನೆಲವನ್ನು ಕಂಪನಿಗೆ ಗುತ್ತಿಗೆ ಕೊಟ್ಟ ಪತ್ರದ ಮೇಲೆ ನನ್ನದೇ ಗುರುತಿದೆ. ಹಳೆಯ ಕಟ್ಟಡಗಳನ್ನು ಕೆಡವತಕ್ಕದ್ದಲ್ಲ ಎಂದು ಅಂದು ಸಭೆಯಲ್ಲೇ ಓದಿದ್ದರು."

"ಆಮೇಲೆ ತಿದ್ದುಪಡಿಯಾಯಿತಲ್ಲ. ಕೆಡವಲು ಬಂದವರು ಅದನ್ನು ಬಾಗಿಲಲ್ಲಿ ನಿಂತು ಓದಿದರು. 'ಸಾಧ್ಯವಾದಷ್ಟು ಉಳಿಸತಕ್ಕದ್ದು' ಎಂದಿತ್ತು. ಕೆಳಗೆ ತಮ್ಮ ಗುರುತೂ ಇತ್ತು."

ಮೊಹರಿನ ದನಿ ಇಳಿಯಿತು. "ನನ್ನನ್ನು ಕೊನೆಯ ಹಾಳೆಗಷ್ಟೇ ಒತ್ತುತ್ತಾರೆ. ಹಿಂದಿನ ಹಾಳೆಗಳಲ್ಲಿ ಏನಿದೆಯೆಂದು ನಾನು ಕೇಳುವುದಿಲ್ಲ."

"ನಾನೂ ಬೇರೆಯವರು ಹೇಳಿದಂತೆ ಮುಚ್ಚುವವನೇ," ಎಂದಿತು ಚಿಲಕ. "ಆದರೆ ನನ್ನನ್ನು ಹಾಕುವ ಮುಂಚೆ ಅಂಗಡಿಯವರು ದಿನವೂ 'ಒಳಗೆ ಯಾರಾದರೂ ಇದ್ದೀರಾ?' ಎಂದು ಕೂಗಿ ಕೇಳುತ್ತಿದ್ದರು."

ಅಷ್ಟರಲ್ಲಿ ಇನ್ನೊಂದು ಪೇಟೆಯ ತಿದ್ದುಪಡಿ ಬಂತು. ನೀಲಾಂಬಿಕೆ ನೇರ ಕೊನೆಯ ಹಾಳೆ ತೆಗೆದು ಮೊಹರು ಒತ್ತಿದಳು. ನಾಚಿಕೆಯಿಂದ ಕುಗ್ಗಿದ ಅದರ ಗುರುತು ಅರ್ಧವೂ ಮೂಡಲಿಲ್ಲ.

"ಶಾಯಿ ಒಣಗಿದೆ," ಎನ್ನುತ್ತಾ ಆಕೆ ಹೊಸ ಪ್ಯಾಡು ತೆರೆದು, ಇನ್ನೊಮ್ಮೆ ಗಟ್ಟಿಯಾಗಿ ಒತ್ತಿದಳು. ಈ ಸಲ ಅಚ್ಚುಕಟ್ಟಾಗಿ ಮೂಡಿತು.