ತಲೆಯ ಮೇಲಿನ ಮಣ್ಣು

"ಗುರುಗಳೇ, ಒಂದು ಕೆಲಸವನ್ನು ಪೂರ್ತಿ ಬಲ್ಲವರು ಯಾರು? ಮಾಡಿಸುವವರೋ, ಮಾಡುವವರೋ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಕೆರೆ ಕಟ್ಟುತ್ತಿದ್ದರು. ಗಂಡಸರು ಅಗೆದರು. ಹೆಂಗಸರು ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ಹಾಕಿದರು. ಮೂರು ಬೇಸಿಗೆ ಕಳೆಯುವಾಗ ಏರಿ ಎದ್ದು ನಿಂತಿತು. ಅಲ್ಲಿನ ಮೇಸ್ತ್ರಿ ಹೆಸರಾಂತವನು. ಅಗೆಯುವುದನ್ನು ಅವನು ಕೆಲಸ ಎನ್ನುತ್ತಿದ್ದ. ಹೊರುವುದನ್ನು ಕೈನೆರವು ಎನ್ನುತ್ತಿದ್ದ.

ಮಳೆಗಾಲಕ್ಕೆ ಎಂಟು ದಿನ ಇರುವಾಗ ಮಣ್ಣು ಹೊರುವ ಹೆಂಗಸೊಬ್ಬಳು ಅವನ ಬಳಿ ಬಂದಳು.

"ಅಣ್ಣಾ, ತೂಬಿನ ಪಕ್ಕ ಏರಿ ಗಟ್ಟಿಯಿಲ್ಲ. ಒಳಗೆ ಪೊಳ್ಳಿದೆ."

ಮೇಸ್ತ್ರಿ ಹೋಗಿ ಅಲ್ಲಿ ನಡೆದಾಡಿದ. ಗುದ್ದಲಿಯ ಕಾವಿನಿಂದ ಕುಟ್ಟಿ ನೋಡಿದ. ನೆಲ ಗಟ್ಟಿಯಾಗಿಯೇ ಇತ್ತು.

"ನನಗೆ ಕಾಣದ್ದು ನಿನಗೆ ಹೇಗೆ ಕಂಡಿತು?"

"ಕಂಡಿಲ್ಲ ಅಣ್ಣಾ. ಬರಿಯ ತಲೆಯಲ್ಲಿ ನಡೆದರೆ ತಿಳಿಯುವುದಿಲ್ಲ. ಬುಟ್ಟಿ ಹೊತ್ತು ನಡೆದರೆ ಹಿಮ್ಮಡಿಗೆ ತಿಳಿಯುತ್ತದೆ."

ಅಗೆಯುವವರು ನಕ್ಕರು. ಮೇಸ್ತ್ರಿಗೆ ನಗು ಬರಲಿಲ್ಲ. ಏರಿಯ ಕೆಳಗೆ ನೂರು ಮನೆಗಳಿದ್ದವು.

ಅವನು ಬುಟ್ಟಿ ತುಂಬಿಸಿ ತಲೆಗೆ ಎತ್ತಿಸಿಕೊಂಡ. ಹೊತ್ತದ್ದು ಅದೇ ಮೊದಲು. ಕತ್ತು ನಡುಗಿತು. ಕೆರೆಯಂಗಳದಿಂದ ಮೇಲೆ ಬರುವಷ್ಟರಲ್ಲಿ ಎರಡು ಸಲ ನಿಂತ. ತೂಬಿನ ಪಕ್ಕಕ್ಕೆ ಬಂದಾಗ ಹಿಮ್ಮಡಿಯ ಕೆಳಗೆ ನೆಲ ತುಸುವೇ ತಗ್ಗಿತು.

ಕೂಡಲೇ ಅಗೆಸಿದ. ಒಂದು ಮಾರು ಕೆಳಗೆ, ಒಬ್ಬ ಮನುಷ್ಯ ಕೂರುವಷ್ಟು ಪೊಳ್ಳಿತ್ತು. ಅದನ್ನು ತುಂಬಿಸಿ, ಮಣ್ಣು ಗಟ್ಟಿಯಾಗುವಂತೆ ದಮ್ಮಸು ಮಾಡಿಸಿದ.

ಆಮೇಲೆ ಏರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಅರ್ಧ ಹರದಾರಿ ಉದ್ದ, ನಾಲ್ಕಾಳು ಎತ್ತರ. ಅದರ ಹಿಡಿ ಹಿಡಿ ಮಣ್ಣೂ ಯಾರೋ ಒಬ್ಬಳ ತಲೆಯ ಮೇಲೆ ಬಂದದ್ದು. ಅದು ಅವನಿಗೆ ಗೊತ್ತಿರದ ಸಂಗತಿಯಲ್ಲ. ಆದರೂ ಆ ದಿನ ಗುಡ್ಡವೊಂದು ನಡೆದು ಬಂದು ಅಲ್ಲಿ ಮಲಗಿದೆ ಎನ್ನಿಸಿತು. ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರು. ಅವನು ದಾರಿ ಬಿಟ್ಟು ಸರಿದು ನಿಂತ. ಕೊನೆಯವಳು ದಾಟುವವರೆಗೂ ಕೈ ಮುಗಿದುಕೊಂಡೇ ಇದ್ದ.

ಆ ವರ್ಷ ಕೆರೆ ತುಂಬಿತು. ಏರಿ ತಡೆದು ನಿಂತಿತು.

ಶಿಷ್ಯ ಕೇಳಿದ: "ಕೆರೆ ತುಂಬಿದ ದಿನ ಊರವರು ಆಕೆಯನ್ನು ಏರಿಯ ಮೇಲೆ ಕರೆತಂದರೇ?"

"ಇಲ್ಲ. ಮೇಸ್ತ್ರಿಯೊಬ್ಬನೇ ಆಕೆಯನ್ನು ಹುಡುಕಿಕೊಂಡು ಹೋದ. ಏರಿಯ ಮೇಲೆ ನೀರು ನೋಡುತ್ತ ನಿಂತಿದ್ದ ಗಂಡಸರಿಗೆಲ್ಲ ಆಕೆ ಅಡುಗೆ ಮಾಡುತ್ತಿದ್ದಳು" ಎಂದರು ಗುರುಗಳು.